ಆರು ತಿಂಗಳಿಗೆ ನೂರು ಕಿಲೋ ಅಂತಾರೆ, ತಿಂದಿದ್ದರ ಲೆಕ್ಕ ಎಲ್ಲಿ?

ಹಂದಿ ಸಾಕಣೆಯ ಯಾವ ವಿಡಿಯೊ ತೆರೆದರೂ ಮೊದಲ ಎರಡು ನಿಮಿಷದೊಳಗೆ ಒಂದು ಮಾತು ಬಂದೇ ಬರುತ್ತದೆ: "ಆರು ತಿಂಗಳಿಗೆ ನೂರು ಕಿಲೋ." ಹಿಂದೆ ಬಿಳಿ ಹಂದಿಗಳ ಸಾಲು, ಮುಂದೆ ಮೈಕು ಹಿಡಿದವರು, ಕೊನೆಗೆ ಮರಿ ಬುಕ್ ಮಾಡಲು ಒಂದು ಫೋನ್ ನಂಬರ್. ಈ ಮಾತು ಪೂರ್ತಿ ಸುಳ್ಳೂ ಅಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯಿಂದ ಬಂದ ಲಾರ್ಜ್ ವೈಟ್ ತಳಿ ತಂಪು ದೇಶದಲ್ಲಿ, ಅಳೆದು ಕೊಟ್ಟ ಫೀಡ್ ತಿಂದು ಆರು ತಿಂಗಳಿಗೆ ನೂರು ಕಿಲೋ ಮುಟ್ಟುತ್ತದೆ. ನಮ್ಮಲ್ಲೂ ಚೆನ್ನಾಗಿ ನೋಡಿಕೊಂಡರೆ ಏಳೆಂಟು ತಿಂಗಳಿಗೆ ತೊಂಬತ್ತು ಕಿಲೋ ಬರುತ್ತದೆ. ಆದರೆ ಆ ವಿಡಿಯೊಗಳಲ್ಲಿ ಎರಡು ವಿಷಯ ಬರುವುದೇ ಇಲ್ಲ. ಆ ನೂರು ಕಿಲೋ ಆಗಲು ಹಂದಿ ಎಷ್ಟು ತಿಂದಿತು ಅನ್ನುವುದು ಒಂದು. ಅದು ತಿನ್ನುವಾಗ ಶೆಡ್ಡಿನಲ್ಲಿ ಎಷ್ಟು ಬಿಸಿಲಿತ್ತು ಅನ್ನುವುದು ಇನ್ನೊಂದು.

ನಾನು ಈ ಲೆಕ್ಕಕ್ಕೆ ಇಳಿದದ್ದು ದೊಡ್ಡಪ್ಪನ ಮಗನಿಂದ. ಅಣ್ಣನದು ಹಿರಿಯೂರು ತಾಲ್ಲೂಕು. ತೆಂಗಿನ ತೋಟ ಒಣಗಿ, ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿ ಸಾಕಾದವನು. ವಾಣಿವಿಲಾಸ ಸಾಗರ 2022ರಲ್ಲಿ 89 ವರ್ಷದ ಮೇಲೆ ಕೋಡಿ ಬಿತ್ತು ಅಂತ ಜಿಲ್ಲೆಯೆಲ್ಲ ಹೋಗಿ ನೋಡಿ ಬಂತು, ಒಣಗಿದ ಮರ ಅದರಿಂದ ಮತ್ತೆ ಚಿಗುರಲಿಲ್ಲ. ಜಮೀನಿನ ಮೇಲೆ ಸಾಲ ಎತ್ತಿ, ಶೆಡ್ ಹಾಕಿ, ಒಂದೇ ಸಲಕ್ಕೆ ನಲವತ್ತು ಬಿಳಿ ಮರಿ ತರುವುದು ಅವನ ಯೋಜನೆ. ಆಹಾರ? ಹೈವೇ ಹೋಟೆಲುಗಳ ಉಳಿಕೆ, ಪುಕ್ಕಟೆ. ದೊಡ್ಡಪ್ಪ ಒಂದೇ ಮಾತಿಗೆ ನಿಂತರು: "ನಮ್ಮ ಮನೇಲಿ ಹಂದೀನಾ? ನೆಂಟರು ಬಂದ್ರೆ ಏನಂತ ಹೇಳೋದು?" ಅಣ್ಣ ಸಿಟ್ಟು ಮಾಡಿಕೊಂಡು ನನಗೆ ಫೋನ್ ಮಾಡಿದ. "ನೀನು ಪೇಪರ್‌ನೋರ ಜೊತೆ ಇದ್ದೀಯ, ಅಪ್ಪನಿಗೆ ಹೇಳಮ್ಮ." ನೆಂಟರ ವಿಷಯ ನನಗೆ ಮುಖ್ಯ ಅನ್ನಿಸಲಿಲ್ಲ. ಸಾಲದ್ದು ಮುಖ್ಯ ಅನ್ನಿಸಿತು.

ಮರಿ ಮಾರುವ ಒಂದು ಫಾರಂಗೆ ಇಬ್ಬರೂ ಹೋಗಿಬಂದೆವು. ಹಂದಿಗಳು ನಿಜಕ್ಕೂ ದಷ್ಟಪುಷ್ಟವಾಗಿದ್ದವು. ಯಾವ ಹಂದಿ ಎಷ್ಟು ದಿನಕ್ಕೆ ಎಷ್ಟು ತಿಂದಿದೆ, ಪುಸ್ತಕ ಇದೆಯಾ ಅಂತ ಕೇಳಿದೆ. "ಅದೆಲ್ಲ ಅನುಭವದ ಮೇಲೆ ಮೇಡಂ" ಅಂದರು. ಬರುವಾಗ ಅಣ್ಣ ಬೈಕಿನಲ್ಲಿ ಮಾತಾಡಲಿಲ್ಲ.

ಕೋಳಿ ಫಾರಂ ಮಾಡಿದವರಿಗೆ ಎಫ್‌ಸಿಆರ್ ಅಂದರೆ ಗೊತ್ತು, ಕಂಪನಿಯವರು ಅದರ ಮೇಲೇ ದುಡ್ಡು ಕೊಡುವುದು. ಒಂದು ಕಿಲೋ ಮೈ ಬೆಳೆಯಲು ಎಷ್ಟು ಕಿಲೋ ಫೀಡ್ ಬೇಕಾಯಿತು ಅನ್ನುವ ಲೆಕ್ಕ. ಹಂದಿಗೂ ಅದೇ. ಫೀಡ್ ಕಿಲೋಗೆ 30 ರೂಪಾಯಿ ಅಂತಿಟ್ಟುಕೊಳ್ಳಿ. ಮೂರೂವರೆ ಕಿಲೋ ತಿಂದು ಒಂದು ಕಿಲೋ ಬೆಳೆದರೆ ಆ ಕಿಲೋಗೆ 105 ರೂಪಾಯಿ ಬಿತ್ತು. ಐದು ಕಿಲೋ ತಿಂದು ಒಂದು ಕಿಲೋ ಬೆಳೆದರೆ 150 ಬಿತ್ತು. ಮರಿ ತಂದ ಮೇಲೆ ಒಂದು ಹಂದಿ 80 ಕಿಲೋ ಬೆಳೆಯಬೇಕು ಅಂದರೆ ವ್ಯತ್ಯಾಸ 3600 ರೂಪಾಯಿ. ನಲವತ್ತು ಹಂದಿಗೆ 1,44,000. ಎರಡೂ ಕಡೆ ಹಂದಿ ನೋಡಲು ಒಂದೇ ಥರ, ತೂಕವೂ ಒಂದೇ. ಒಬ್ಬ ಉಳಿಯುತ್ತಾನೆ, ಇನ್ನೊಬ್ಬ ಮುಳುಗುತ್ತಾನೆ.

ಇದು ಏಕೆ ಹೀಗೆ ಅನ್ನುವುದು ಅರ್ಥವಾದರೆ ಉಳಿದದ್ದು ಸುಲಭ. ಹಂದಿ ತಿಂದಿದ್ದರಲ್ಲಿ ಮೊದಲ ಪಾಲು ಬೆಳವಣಿಗೆಗೆ ಹೋಗುವುದಿಲ್ಲ. ಉಸಿರಾಡಲು, ಓಡಾಡಲು, ಮೈ ಕಾವು ಕಾಪಾಡಲು ಹೋಗುತ್ತದೆ. ಅದನ್ನು ಮನೆ ಬಾಡಿಗೆ ಅಂದುಕೊಳ್ಳಿ. ಸಂಬಳ ಬರಲಿ ಬಿಡಲಿ, ಬಾಡಿಗೆ ಕಟ್ಟಲೇಬೇಕು. ಅರವತ್ತು ಕಿಲೋ ಹಂದಿಗೆ ಈ ಬಾಡಿಗೆಯೇ ದಿನಕ್ಕೆ ಸುಮಾರು ಮುಕ್ಕಾಲು ಕಿಲೋ ಫೀಡ್. ಅದು ದಿನಕ್ಕೆ ಎರಡೂಕಾಲು ಕಿಲೋ ತಿಂದರೆ ಬೆಳೆಯಲು ಒಂದೂವರೆ ಕಿಲೋ ಉಳಿಯಿತು. ಬಿಸಿಲಿಗೆ ಬಳಲಿ ಅರ್ಧ ಕಿಲೋ ಕಡಿಮೆ ತಿಂದರೆ? ಬಾಡಿಗೆ ಮುಕ್ಕಾಲು ಕಿಲೋ ಹಾಗೇ ಇದೆ, ಬೆಳೆಯಲು ಉಳಿದದ್ದು ಒಂದೇ ಕಿಲೋ. ತಿನ್ನುವುದು ಕಾಲುಭಾಗದಷ್ಟೂ ಇಳಿಯಲಿಲ್ಲ, ಬೆಳವಣಿಗೆಯ ಪಾಲು ಮೂರರಲ್ಲಿ ಒಂದು ಹೋಯಿತು. "ಹಂದಿ ಕಡಿಮೆ ತಿಂತೈತೆ, ಫೀಡ್ ಉಳೀತು" ಅಂತ ಖುಷಿ ಪಡುವವರನ್ನು ನೋಡಿದ್ದೇನೆ. ಉಳಿದಿಲ್ಲ. ಮಾರುವ ದಿನ ಮುಂದಕ್ಕೆ ಹೋಯಿತು, ಅಷ್ಟೂ ದಿನ ಬಾಡಿಗೆ ಕಟ್ಟಬೇಕು.

ಹಂದಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಎಮ್ಮೆಯ ಹಾಗೆ ಕೆಸರು ಹುಡುಕುವುದು ಕೊಳಕು ಬುದ್ಧಿಯಿಂದಲ್ಲ, ಮೈ ತಣಿಸಲು ಅದಕ್ಕೆ ಬೇರೆ ದಾರಿ ಇಲ್ಲ. ದೊಡ್ಡ ಹಂದಿಗೆ ಹಿತವಾದ ಹವೆ 20–22 ಡಿಗ್ರಿ ಆಸುಪಾಸು. ಚಿತ್ರದುರ್ಗದಲ್ಲಿ ಮಾರ್ಚ್‌ನಿಂದ ಮೇ ತನಕ ಎಷ್ಟಿರುತ್ತದೆ ಅಂತ ಹೇಳಬೇಕಿಲ್ಲ. ಸಿಮೆಂಟ್ ಶೀಟಿನ ತಗ್ಗು ಶೆಡ್ಡಿನಲ್ಲಿ ಇನ್ನೂ ಹೆಚ್ಚು. ತಿಂದದ್ದು ಅರಗುವಾಗಲೂ ಮೈಯಲ್ಲಿ ಕಾವು ಹುಟ್ಟುತ್ತದೆ, ಹಾಗಾಗಿ ಹಂದಿ ತಾನೇ ತಿನ್ನುವುದನ್ನು ಕಡಿಮೆ ಮಾಡುತ್ತದೆ. ಬೇಗ ಬೆಳೆಯುವ ತಳಿಯ ಒಳಗೆ ಒಲೆ ಜೋರಾಗಿ ಉರಿಯುತ್ತಿರುತ್ತದೆ, ಆದ್ದರಿಂದ ಬಿಸಿಲಿಗೆ ಮೊದಲು ಸೋಲುವುದೂ ಅದೇ. ಕೆರಿಬಿಯನ್ ಸಮುದ್ರದಲ್ಲಿ ಗ್ವಾಡೆಲೂಪ್ ಅಂತ ಒಂದು ದ್ವೀಪ ಇದೆ, ನಮ್ಮ ಹಾಗೆಯೇ ಸೆಕೆಯ ಜಾಗ. ಅಲ್ಲಿ ಫ್ರಾನ್ಸಿನ ಕೃಷಿ ಸಂಶೋಧಕರು ಮರಿಗೆ ಹಾಲೂಡಿಸುವ ಲಾರ್ಜ್ ವೈಟ್ ತಾಯಿಗಳನ್ನೂ ಅಲ್ಲಿನ ಕ್ರಿಯೋಲ್ ಅನ್ನುವ ನಾಟಿ ತಾಯಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದಾರೆ. ಸೆಕೆಗಾಲದಲ್ಲಿ ಎರಡೂ ಕಡಿಮೆ ತಿಂದವು, ಆದರೆ ಬಿಳಿಯದರ ಹೊಟ್ಟೆ ಹೆಚ್ಚು ಕಟ್ಟಿತು.

ಇನ್ನು ಪುಕ್ಕಟೆ ಅನ್ನುವ ಹೋಟೆಲ್ ಮುಸುರೆಗೆ ಬರೋಣ. ಅಣ್ಣನ ಯೋಜನೆಯೆಲ್ಲ ನಿಂತಿದ್ದು ಇದರ ಮೇಲೆ. ಮುಸುರೆಯಲ್ಲಿ ಬಹುಪಾಲು ನೀರು. ನೂರು ಕಿಲೋ ಡ್ರಮ್ಮಿನಲ್ಲಿ ಇಪ್ಪತ್ತು ಕಿಲೋ ಗಟ್ಟಿ ಪದಾರ್ಥ ಸಿಕ್ಕರೆ ಒಳ್ಳೆಯ ಹೋಟೆಲ್ ಅಂತ ಲೆಕ್ಕ. ಅರವತ್ತು ಕಿಲೋ ಹಂದಿಗೆ ದಿನಕ್ಕೆ ಎರಡು ಕಿಲೋ ಗಟ್ಟಿ ಪದಾರ್ಥ ಬೇಕು ಅಂದರೆ ಹತ್ತು ಕಿಲೋ ಮುಸುರೆ ಕುಡಿಸಬೇಕು. ನಲವತ್ತು ಹಂದಿಗೆ ದಿನಾ ನಾಲ್ಕು ಡ್ರಮ್. ಮಳೆ ಬಂದರೂ, ಹೋಟೆಲ್ ರಜೆ ಇದ್ದರೂ, ಗಾಡಿ ಕೆಟ್ಟರೂ ನಾಲ್ಕು ಡ್ರಮ್. ಡೀಸೆಲ್, ಡ್ರಮ್ ಎತ್ತಲು ಒಬ್ಬ ಆಳು, ಕುದಿಸಲು ಸೌದೆ ಇವನ್ನು ಸೇರಿಸಿ ಬರೆದಾಗ ಅಣ್ಣನೇ ನಕ್ಕ. "ಪುಕ್ಕಟೆ ಅಂದ್ರೆ ಇದೇನಾ?"

ನೀರಿಗಿಂತ ದೊಡ್ಡ ತೊಡಕು ಇನ್ನೊಂದಿದೆ. ಮುಸುರೆ ಅಂದರೆ ಹೆಚ್ಚಿನ ಪಾಲು ಅನ್ನ. ಅನ್ನದ ಗಟ್ಟಿ ಪದಾರ್ಥದಲ್ಲಿ ಪ್ರೋಟೀನ್ ಏಳೆಂಟು ಪರ್ಸೆಂಟ್. ಬೆಳೆಯುವ ಮರಿಗೆ ಬೇಕಾದದ್ದು 16ರಿಂದ 18. ಮಾಂಸ ಕಟ್ಟಲು ಪ್ರೋಟೀನ್ ಇಲ್ಲದಿದ್ದರೆ ತಿಂದ ಅನ್ನವೆಲ್ಲ ಕೊಬ್ಬಾಗುತ್ತದೆ. ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಒಂದು ಕಿಲೋ ಮಾಂಸ ಕಟ್ಟಲು ಕಡಿಮೆ ಫೀಡ್ ಸಾಕು. ಕೊಬ್ಬಿನಲ್ಲಿ ನೀರಿಲ್ಲ, ಹಾಗಾಗಿ ಒಂದು ಕಿಲೋ ಕೊಬ್ಬಿಗೆ ಬಹಳ ಬೇಕು. ಬಿಳಿ ತಳಿಗೆ ಕೊಟ್ಟ ಹೆಚ್ಚಿನ ಬೆಲೆ ಅದು ಮಾಂಸ ಕಟ್ಟುವ ಗುಣಕ್ಕಾಗಿ. ಅದಕ್ಕೆ ಬರೀ ಮುಸುರೆ ಹಾಕಿದರೆ ಆ ದುಡ್ಡು ದಂಡ. ಇನ್ನೊಂದು ಎಚ್ಚರ: ಉಪ್ಪಿನಕಾಯಿ, ಸಾಂಬಾರ್ ಬೆರೆತ ಮುಸುರೆಯಲ್ಲಿ ಉಪ್ಪು ಜಾಸ್ತಿ. ಕುಡಿಯುವ ನೀರು ಬೇರೆಯಾಗಿ ಧಾರಾಳವಾಗಿ ಇಡದಿದ್ದರೆ ಹಂದಿಗೆ ಉಪ್ಪು ನಂಜೇರಿ ಫಿಟ್ಸ್ ಬಂದು ಸಾಯುತ್ತದೆ. ಟ್ಯಾಂಕರ್ ನೀರಿಗೆ ಕಾಯುವ ಊರುಗಳಲ್ಲಿ ಇದನ್ನು ನೆನಪಿಡಬೇಕು.

ಹಾಗಂತ ಕಂಪನಿ ಫೀಡ್ ಒಂದೇ ದಾರಿ ಅಂತಲ್ಲ. ನಮ್ಮ ಜಿಲ್ಲೆಯಲ್ಲಿ ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳಲ್ಲಿ ಮೆಕ್ಕೆಜೋಳ ಇದೆ, ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಗಾಣಗಳಿವೆ, ಹಿಂಡಿ ಸಿಗುತ್ತದೆ. ಮೆಕ್ಕೆಜೋಳದ ನುಚ್ಚು 55 ಕಿಲೋ, ಹಿಂಡಿ 22 ಕಿಲೋ, ತೌಡು ಅಥವಾ ಬೂಸಾ 20 ಕಿಲೋ, ಖನಿಜ ಮಿಶ್ರಣ ಎರಡೂವರೆ ಕಿಲೋ, ಉಪ್ಪು ಅರ್ಧ ಕಿಲೋ. ಸುಮಾರು ಹದಿನಾರು ಹದಿನೇಳು ಪರ್ಸೆಂಟ್ ಪ್ರೋಟೀನಿನ ನೂರು ಕಿಲೋ ಫೀಡ್ ಇದು. ಶೇಂಗಾ ಹಿಂಡಿಯಲ್ಲಿ ಲೈಸಿನ್ ಅನ್ನುವ ಅಂಶ ಕಮ್ಮಿ, ಹಂದಿ ಬೆಳೆಯಲು ಅದೇ ಮುಖ್ಯ. ಆದ್ದರಿಂದ ಹಿಂಡಿಯಲ್ಲಿ ಅರ್ಧ ಸೋಯಾ ಆದರೆ ಇನ್ನೂ ಒಳ್ಳೆಯದು. ಮರಿಯ ವಯಸ್ಸು ನೋಡಿ ಪ್ರಮಾಣ ಬದಲಾಗುತ್ತದೆ, ನಿಮ್ಮ ಪಶುವೈದ್ಯರನ್ನೋ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ ಮಾಡಿ.

ಕಪ್ಪುಗಟ್ಟಿದ ಮೆಕ್ಕೆಜೋಳವನ್ನು "ಹಂದಿಗೆ ತಾನೇ" ಅಂತ ಹಾಕಬೇಡಿ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು, ರೋಡಿನ ಮೇಲೆ ಹರವಿದ ತೆನೆ ನೆಂದು ಬೂಷ್ಟು ಬಂದದ್ದನ್ನು ಎಲ್ಲರೂ ಕಂಡಿದ್ದೇವೆ. ಆ ಬೂಷ್ಟಿನ ವಿಷ ಹಂದಿಯ ಈಲಿಗೆ ಹೊಡೆಯುತ್ತದೆ. ಸಾಯದಿದ್ದರೂ ತಿಂದದ್ದು ಮೈಗೆ ಹತ್ತುವುದಿಲ್ಲ. ಮಂಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ತಂದವರ ಹಂದಿ ಏಕೆ ಬೆಳೆಯಲಿಲ್ಲ ಅನ್ನುವುದಕ್ಕೆ ತಳಿಯನ್ನು ಬೈದು ಪ್ರಯೋಜನ ಇಲ್ಲ. ಶೇಂಗಾ ಹಿಂಡಿಗೂ ಇದೇ ಮಾತು.

ಇಷ್ಟೆಲ್ಲ ಬರೆದ ಮೇಲೂ ನನಗೆ ಅನುಭವದವರ ಮಾತು ಕೇಳಬೇಕು ಅನ್ನಿಸಿತು. ಹೊಳಲ್ಕೆರೆ ಕಡೆ ಹಂದಿಜೋಗಿ ಸಮುದಾಯದ ಒಬ್ಬ ಹಿರಿಯರನ್ನು ಕಂಡೆ. ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ. ಹಿಂದೆ ಹಂದಿಯ ಬೆನ್ನಿನ ಕೂದಲನ್ನೂ ಬ್ರಶ್ ಮಾಡುವವರಿಗೆ ಮಾರುತ್ತಿದ್ದರಂತೆ. ನಮ್ಮಲ್ಲಿ ಹಂದಿಯ ವಿದ್ಯೆ ಯಾರಿಗಾದರೂ ಇದ್ದರೆ ಇವರಿಗೆ, ಕೊರಮರಿಗೆ ಇದೆ. ಯಾವ ವಿಡಿಯೊದಲ್ಲೂ ಅವರನ್ನು ಕೂರಿಸಿದ್ದು ನಾನು ನೋಡಿಲ್ಲ.

"ಅಜ್ಜ, ಕರೀದು ಒಳ್ಳೇದೋ ಬಿಳೀದೋ?" ಅಂದೆ.

"ಬಿಳೇದು ಮನೆ ಕಟ್ಟಿ ಸಾಕೋದಮ್ಮ. ಕರೇದು ಬೀದೀಲಿ ಸಾಕೋದು. ನನ್ ಹತ್ರ ಮನೇನೇ ಇಲ್ಲ, ಬಿಳೇದು ತಂದು ಎಲ್ಲಿ ಇಡ್ಲಿ?"

ಅಜ್ಜನ ಕಪ್ಪು ಹಂದಿ ಒಂದು ವರ್ಷಕ್ಕೆ 40 ಕಿಲೋ ದಾಟಿದರೆ ಹೆಚ್ಚು. ಒಂದು ಸೂಲಿಗೆ ಐದಾರು ಮರಿ, ಬಿಳಿಯದು ಎಂಟು ಹತ್ತು ಹಾಕುತ್ತದೆ. ಎಫ್‌ಸಿಆರ್ ಲೆಕ್ಕಕ್ಕೆ ಇಟ್ಟರೆ ನಾಟಿ ಹಂದಿ ಸೋತೇ ಸೋಲುತ್ತದೆ, ಬೇಗ ಕೊಬ್ಬು ಕಟ್ಟುತ್ತದೆ, ನಿಧಾನ ಬೆಳೆಯುತ್ತದೆ. ಆದರೆ ಅದು ತಿಂದದ್ದಕ್ಕೆ ಅಜ್ಜ ದುಡ್ಡು ಕೊಟ್ಟಿಲ್ಲ. ಬಿಸಿಲಲ್ಲಿ ಅದು ಮೇಯುತ್ತದೆ, ಅದರ ಚರ್ಮ ಸುಡುವುದಿಲ್ಲ. ಕಾಸು ಕೊಟ್ಟು ಫೀಡ್ ತರುವವನಿಗೆ ನಾಟಿ ಹಂದಿ ನಷ್ಟ, ಕಾಸಿಲ್ಲದವನಿಗೆ ಬಿಳಿ ಹಂದಿ ನಷ್ಟ. ಬೀದಿಯಲ್ಲಿ ಬಿಟ್ಟು ಸಾಕುವುದರ ಕೇಡನ್ನೂ ಹೇಳಬೇಕು. ಬಯಲಿನ ಹೊಲಸು ತಿನ್ನುವ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಮರಿಹುಳುಗಳ ಚೀಲ ಇರಬಹುದು. ಆ ಹುಳುವಿನ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿಗೇ ಏರಿ ಫಿಟ್ಸ್ ಬರಿಸುತ್ತದೆ. ಪಟ್ಟಣ ಪಂಚಾಯಿತಿಯವರು ಹಂದಿ ಹಿಡಿಸುವುದಕ್ಕೆ ಕಾರಣ ಇದೆ. ಕಟ್ಟಿ ಸಾಕಲು ಅಜ್ಜನಿಗೆ ಜಾಗ ಕೊಡದೆ ಹಂದಿ ಹಿಡಿಸುವುದಕ್ಕೆ ಮಾತ್ರ ನನಗೆ ಕಾರಣ ಕಾಣಲಿಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 100 ಹೆಣ್ಣು, 10 ಗಂಡು ಹಂದಿಯ ಘಟಕಕ್ಕೆ 30 ಲಕ್ಷದವರೆಗೆ ಸಬ್ಸಿಡಿ ಇದೆ. ಅರ್ಧ ವೆಚ್ಚ ಅವರದು, ಉಳಿದ ಅರ್ಧಕ್ಕೆ ಬ್ಯಾಂಕೋ ಕೈದುಡ್ಡೋ, ಜೊತೆಗೆ ಜಮೀನಿನ ಕಾಗದ. ಅಜ್ಜನ ಬಳಿ ಇದ್ದದ್ದು ಏಳು ಹಂದಿ.

ಇವೆರಡರ ನಡುವೆ ಒಂದು ದಾರಿ ಇದೆ, ಮಿಶ್ರತಳಿ. ರಾಂಚಿಯ ಬಿರ್ಸಾ ಕೃಷಿ ವಿಶ್ವವಿದ್ಯಾಲಯದವರು ಟ್ಯಾಮ್‌ವರ್ತ್ ತಳಿಯನ್ನು ಅಲ್ಲಿನ ನಾಟಿಗೆ ಸೇರಿಸಿ ಝಾರ್‌ಸುಕ್ ಮಾಡಿದ್ದಾರೆ. ಗುವಾಹಟಿಯ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರದವರು ಹ್ಯಾಂಪ್‌ಶೈರ್‌ಗೆ ಬಂಗಾಳದ ಘುಂಗ್ರೂ ಸೇರಿಸಿ ರಾಣಿ ಅನ್ನುವ ತಳಿ ಮಾಡಿದ್ದಾರೆ. ಬೆಳವಣಿಗೆಯಲ್ಲಿ ನಾಟಿಗಿಂತ ಬಹಳ ಮುಂದೆ, ಬಿಸಿಲು ರೋಗ ತಡೆಯುವುದರಲ್ಲಿ ಬಿಳಿಗಿಂತ ಗಟ್ಟಿ. ನಮ್ಮಲ್ಲಿ ಅವು ಸಿಗುವುದು ಕಷ್ಟ, ಆದರೆ ಒಳ್ಳೆಯ ಬಿಳಿ ಗಂಡನ್ನು ಚುರುಕಾದ ನಾಟಿ ಹೆಣ್ಣಿಗೆ ಕೂಡಿಸುವುದು ಯಾರಾದರೂ ಮಾಡಬಹುದಾದ ಕೆಲಸ. ಗಂಡು ಹಂದಿಯನ್ನು ಮರಿ ತಂದ ಜಾಗದಿಂದಲೇ ತರಬೇಡಿ. ಒಂದೇ ರಕ್ತ ಸೇರುತ್ತ ಹೋದರೆ ಮರಿ ಸಣ್ಣವಾಗುತ್ತವೆ, ಸೂಲಿನ ಮರಿಯೂ ಕಮ್ಮಿಯಾಗುತ್ತವೆ.

ಅಜ್ಜ ಹೇಳಿದ ಇನ್ನೊಂದು ಮಾತು ಅಣ್ಣನಿಗೆ ಬಹಳ ಹಿಡಿಸಿತು. ಹಂದಿಯ ಬಸುರು ಮೂರು ತಿಂಗಳು, ಮೂರು ವಾರ, ಮೂರು ದಿನ. ಅಂದರೆ 114 ದಿನ. ಗಣೇಶನ ಹಬ್ಬಕ್ಕೆ ಕೂಡಿಸಿದ ಹಂದಿ ಸಂಕ್ರಾಂತಿಗೆ ಮೊದಲೇ ಈಯುತ್ತದೆ. ಚಳಿಗೆ ಮರಿಗೆ ಗೋಣಿಚೀಲ, ಬಲ್ಬು ಬೇಕು, ಆದರೆ ತಾಯಿ ಹೊಟ್ಟೆ ತುಂಬ ತಿಂದು ಹಾಲು ಕೊಡುತ್ತದೆ. ಬೇಸಿಗೆ ಬರುವಷ್ಟರಲ್ಲಿ ಮರಿ ಹಾಲು ಬಿಟ್ಟಿರುತ್ತದೆ. ಸಣ್ಣ ಮೈಗೆ ಸೆಕೆ ಅಷ್ಟು ಬಾಧಿಸದು. ಅದು ಐವತ್ತು ಅರವತ್ತು ಕಿಲೋ ಆಗುವ ಹೊತ್ತಿಗೆ ಆಷಾಢದ ಗಾಳಿ ಶುರುವಾಗಿರುತ್ತದೆ. ನಮ್ಮ ದುರ್ಗದ ಗಾಳಿ ಎಂಥದ್ದು ಅಂತ ಗುಡ್ಡದ ಮೇಲಿನ ಗಾಳಿಯಂತ್ರಗಳೇ ಹೇಳುತ್ತವೆ. ಫೀಡ್ ಅತಿ ಹೆಚ್ಚು ತಿನ್ನುವ ತಿಂಗಳುಗಳು ತಂಪಿಗೆ ಬೀಳುತ್ತವೆ. ಮರಿ ಕೊಂಡು ಸಾಕುವವರೂ ದೊಡ್ಡ ಮೈ ಬೇಸಿಗೆಗೆ ಸಿಕ್ಕದ ಹಾಗೆ ತಿಂಗಳು ನೋಡಿ ತಂದರೆ ಇದೇ ಲಾಭ.

ಬೇಸಿಗೆಗೆ ಸಿಕ್ಕಿಬಿದ್ದರೆ? ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಶೆಡ್ ಪೂರ್ವ ಪಶ್ಚಿಮಕ್ಕೆ ಉದ್ದವಾಗಿರಲಿ, ಮಧ್ಯಾಹ್ನ ಮೈಮೇಲೆ ನೀರು ಚಿಮುಕಿಸಿ, ಫೀಡ್ ನಸುಕಿಗೆ ಮತ್ತು ರಾತ್ರಿ ಎಂಟರ ಮೇಲೆ ಹಾಕಿ. ಅಣ್ಣ ಪರೀಕ್ಷೆಗೆ ಅಂತ ತಂದ ನಾಲ್ಕು ಮರಿಗಳಲ್ಲಿ ಎರಡು ಬಿಳಿ, ಎರಡು ಮಿಶ್ರ. ಮೇ ತಿಂಗಳಲ್ಲಿ ಬಿಳಿಯವು ಮಧ್ಯಾಹ್ನ ತೊಟ್ಟಿಯ ಹತ್ತಿರವೂ ಬರುತ್ತಿರಲಿಲ್ಲ. ರಾತ್ರಿ ಹಾಕಲು ಶುರು ಮಾಡಿದ ಮೇಲೆ ತೊಟ್ಟಿ ಖಾಲಿಯಾಗತೊಡಗಿತು. ಮಿಶ್ರದವು ಹೊತ್ತು ನೋಡಲಿಲ್ಲ.

ರೋಗದ ಬಗ್ಗೆ ಒಂದು ಮಾತು ಹೇಳಲೇಬೇಕು, ಇದು ಎಲ್ಲ ಲೆಕ್ಕವನ್ನೂ ಒಂದೇ ವಾರದಲ್ಲಿ ಅಳಿಸಿಹಾಕಬಲ್ಲದು. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿತು, 2022ರಲ್ಲಿ ಪಕ್ಕದ ವಯನಾಡಿಗೆ ಬಂತು. ಮನುಷ್ಯರಿಗೆ ಬರುವುದಿಲ್ಲ, ಹಂದಿಗೆ ಬಂದರೆ ಹಟ್ಟಿಯೇ ಖಾಲಿ. ನಮ್ಮ ಆಸ್ಪತ್ರೆಗಳಲ್ಲಿ ಹಾಕುವ ಹಂದಿ ಜ್ವರದ ಲಸಿಕೆ ಬೇರೆ ರೋಗಕ್ಕೆ, ಅದನ್ನು ಹಾಕಿಸಲೇಬೇಕು, ಆದರೆ ಅದು ಇದನ್ನು ತಡೆಯುವುದಿಲ್ಲ. ಈ ರೋಗ ಹರಡುವ ಮುಖ್ಯ ದಾರಿಗಳಲ್ಲಿ ಒಂದು ಹಂದಿ ಮಾಂಸದ ಚೂರು ಬೆರೆತ ಮುಸುರೆ. ಹಾಗಾಗಿ ಮುಸುರೆ ಹಾಕುವವರು ಕಲಕುತ್ತ ಒಂದು ಗಂಟೆ ಕುದಿಸಲೇಬೇಕು. ಸೌದೆ ಉಳಿಸಲು ಹೋಗಿ ಹಟ್ಟಿ ಕಳೆದುಕೊಳ್ಳಬೇಡಿ.

ಅಣ್ಣ ಈ ಸಲಕ್ಕೆ ಸಾಲದ ಅರ್ಜಿ ಹಾಕಿಲ್ಲ. ನಲವತ್ತರ ಬದಲು ಎಂಟು ಮಿಶ್ರತಳಿ ಮರಿ ಅನ್ನುವ ಮಾತಿಗೆ ಬಂದಿದ್ದಾನೆ, ಹಳೆಯ ದನದ ಕೊಟ್ಟಿಗೆಯಲ್ಲೇ. ದೊಡ್ಡಪ್ಪ ಇನ್ನೂ ಆ ಕಡೆ ಹೋಗುವುದಿಲ್ಲ, ಆದರೆ ಗರಿ ಕಡಿದು ಕೊಟ್ಟಿದ್ದು ಅವರೇ. ತಕ್ಕಡಿ ಇಲ್ಲದವರಿಗೆ ತೂಕದ ಉಪಾಯವೊಂದಿದೆ, ಟೈಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆದುಕೊಳ್ಳಿ. ಕಿವಿಗಳ ನಡುವಿನಿಂದ ಬಾಲದ ಬುಡದ ತನಕ ಉದ್ದ ತೆಗೆದುಕೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 880ರಿಂದ ಭಾಗಿಸಿ. ಸುತ್ತಳತೆ 36, ಉದ್ದ 38 ಇದ್ದರೆ 56 ಕಿಲೋ. ಎರಡು ಮೂರು ಕಿಲೋ ಆಚೀಚೆ ಆಗಬಹುದು, ಲೆಕ್ಕಕ್ಕೆ ಸಾಕು. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಫೀಡ್ ಹಾಕುವ ಮುಂಚೆ ಅಳೆಯಿರಿ, ಅಷ್ಟು ದಿನ ಹಾಕಿದ ಫೀಡನ್ನು ಪಕ್ಕದಲ್ಲೇ ಬರೆಯಿರಿ. ಅಣ್ಣನ ಪುಸ್ತಕ ಅವನ ಮಗಳ ಹಳೆಯ ಗಣಿತದ ನೋಟ್‌ಬುಕ್, ಗುಣಾಕಾರ ಮಾಡಿಕೊಡುವುದೂ ಅವಳೇ. ಮುಂದಿನ ಅಳತೆ ಈ ಭಾನುವಾರ.